ನೀರಿನಡಿಯಲ್ಲಿ ಹಿಡಿದ ಕೈ

ದೆವ್ವ, ಗಾಳಿ, ಸೋಂಕು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕಡೂರಿನ ನನ್ನ ಸ್ಟುಡಿಯೋಗೆ "ಫೋಟೋದಾಗೆ ಹಿಂದ್ಗಡೆ ಯಾರೋ ನಿಂತವ್ರೆ ನೋಡಿ" ಎಂದು ಹೆದರಿಕೊಂಡು ಬಂದವರಿಗೆಲ್ಲ, ಅದು ಲೆನ್ಸಿನ ಮೇಲಿನ ಧೂಳು ಎಂದು ತೋರಿಸಿ ಕಳಿಸಿದವನು ನಾನು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮದುವೆ, ನಾಮಕರಣ ತೆಗೆದು ತೆಗೆದು ಸಾಕಾಗಿ, ನೀರಿನೊಳಗೆ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡಿದ್ದೆ. ಜೊತೆಗೆ ಹೆಂಡತಿಯ ತಮ್ಮ ಗಿರೀಶ. ತರೀಕೆರೆಯಲ್ಲಿ ಮೊಬೈಲ್ ಅಂಗಡಿ ಅವನದು. ಇಬ್ಬರೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಕಲಿತು, ಸಮುದ್ರದ ನಡುವಿನ ನೇತ್ರಾಣಿ ದ್ವೀಪಕ್ಕೆ ಹೊರಟೆವು. ಕಾರು ಹತ್ತುವಾಗ ಹೆಂಡತಿ ಶೈಲಾ, "ಅವನ ಮೇಲೊಂದು ಕಣ್ಣಿಟ್ಟಿರಿ ಕಣ್ರೀ, ನಮ್ಮಮ್ಮಂಗೆ ಇರೋನು ಅವನೊಬ್ನೇ ಗಂಡ್ಮಗ" ಎಂದಿದ್ದಳು.

ನೀರಿಗಿಳಿದವರು ಮೂವರು: ಮುಂದೆ ಇನ್‌ಸ್ಟ್ರಕ್ಟರ್, ನಡುವೆ ನಾನು, ಹಿಂದೆ ಗಿರೀಶ. ಒಳ್ಳೆ ಬಿಸಿಲು, ನೀರು ತಿಳಿಯಾಗಿತ್ತು. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಗುಂಪಾಗಿ ಬಂದವು. ಮದುವೆಮನೆ ಮಕ್ಕಳ ಹಾಗೆ ಒಂದೂ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಬಂಡೆಯ ಸಂದಿಯಲ್ಲಿ ಒಂದು ಹಾವುಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅದರ ಹಲ್ಲು ಸ್ಪಷ್ಟವಾಗಿ ಬರಬೇಕೆಂದು ಹತ್ತಿರ ಹತ್ತಿರ ಸರಿದೆ. ಪ್ರಪಂಚವೇ ಮರೆತುಹೋಗಿತ್ತು.

ಆಗ ಯಾರೋ ನನ್ನ ಎಡಗೈ ಮಣಿಕಟ್ಟನ್ನು ಹಿಡಿದರು. ಎರಡು ಸಲ ಅದುಮಿ, ಹೆಬ್ಬೆರಳನ್ನು ಅಂಗೈಯವರೆಗೆ ಎಳೆದು, ಬಿಟ್ಟರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಜ್ಜಂಪುರದ ನನ್ನ ಸೋದರಮಾವ ದನದ ದಲ್ಲಾಳಿ. ಸಂತೆಯಲ್ಲಿ ದಲ್ಲಾಳಿಗಳು ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳಿನಲ್ಲೇ ವ್ಯಾಪಾರ. ರಜೆಯಲ್ಲಿ ಜೊತೆಗೆ ಹೋಗುತ್ತಿದ್ದ ನನಗೆ ಮಾವ ತಮ್ಮದೇ ಒಂದು ಸನ್ನೆ ಕಲಿಸಿದ್ದರು. ಹೀಗೆ ಅದುಮಿ ಎಳೆದರೆ, 'ಇದರ ಆಸೆ ಬಿಡು, ಹಿಂದಕ್ಕೆ ನೋಡು' ಎಂದು. ನಮ್ಮಿಬ್ಬರನ್ನು ಬಿಟ್ಟರೆ ಅದು ಇನ್ಯಾರಿಗೂ ಗೊತ್ತಿಲ್ಲ.

ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಇನ್‌ಸ್ಟ್ರಕ್ಟರ್ ಮುಂದೆ ಬೆನ್ನು ತೋರಿಸಿಕೊಂಡು ಈಜುತ್ತಿದ್ದ. ಹಿಂದೆ, ದೂರದಲ್ಲಿ, ಗಿರೀಶ ಹರಿದ ಹಳೇ ಮೀನುಬಲೆಗೆ ಸಿಕ್ಕಿಕೊಂಡಿದ್ದ; ಸಿಲಿಂಡರೂ ಕಾಲೂ ಬಲೆಯೊಳಗೆ. ಕಾಲಿಗೆ ಕಟ್ಟಿದ್ದ ಚಾಕು ತೆಗೆದು, ಅದರ ಹಿಡಿಯಿಂದ ನನ್ನ ಸಿಲಿಂಡರನ್ನು ಬಡಿದು ಇನ್‌ಸ್ಟ್ರಕ್ಟರನ್ನು ಕರೆದೆ. ಇಬ್ಬರೂ ಸೇರಿ ಬಲೆ ಕತ್ತರಿಸಿ ಮೇಲಕ್ಕೆ ತಂದಾಗ ಗಿರೀಶನ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಾ ಬಂದಿತ್ತು.

ಊರಿಗೆ ಬಂದವನೇ ಅಜ್ಜಂಪುರಕ್ಕೆ ಹೋದೆ. ಮಾವ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಎಲ್ಲ ಕೇಳಿ, "ಲೇ, ನಾನು ಊರ ಕೆರೆಗೇ ಇಳಿದೋನಲ್ಲ, ಸಮುದ್ರಕ್ಕೆಲ್ಲಿ ಬರ್ಲಿ? ಉಪ್ಪುನೀರು ತಲೆಗೇರೈತೆ ನಿಂಗೆ" ಎಂದು ನಕ್ಕರು. ನಾನೂ ನಕ್ಕೆ. ಕಣ್ಣಂಚಿನಲ್ಲಿ ಗಿರೀಶ ಕಂಡಿರಬೇಕು, ಉಳಿದದ್ದು ಮನಸ್ಸೇ ಕಟ್ಟಿದ ಕಥೆ ಎಂದು ಸಮಾಧಾನ ಮಾಡಿಕೊಂಡೆ.

ಆ ಸಮಾಧಾನವನ್ನು ಗಿರೀಶನೇ ಕೆಡಿಸಿದ. ಒಂದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು ಅಕ್ಕನಿಗೆ ಹೇಳಿದ: "ಬಲೆಗೆ ಸಿಕ್ಕಾಕ್ಕೊಂಡಾಗ ಸತ್ತೇ ಹೋದೆ ಅನ್ಕೊಂಡೆ ಕಣಕ್ಕ. ಆಗ್ಲೇ ಭಾವ ಹಿಂದಿಂದ ಬಂದು ಕೈ ಹಿಡ್ಕೊಂಡ್ರು. ಬಲೆ ಕತ್ತರ್ಸೋಕೆ ಮುಂದೆ ಬರೋವರ್ಗೂ ಬಿಡ್ಲೇ ಇಲ್ಲ. ಅದಕ್ಕೇ ಒದ್ದಾಡ್ದೆ ಸುಮ್ನಿದ್ದೆ. ಒದ್ದಾಡಿದ್ರೆ ಗಾಳಿ ಅಲ್ಲೇ ಖಾಲಿ ಆಗಿರೋದು."

ಶೈಲಾ ಕಣ್ತುಂಬಿಕೊಂಡು ನನ್ನ ಕಡೆ ನೋಡಿದಳು. ನಾನು ಅವನ ಕೈ ಹಿಡಿದೇ ಇರಲಿಲ್ಲ. ಅವನ ಹತ್ತಿರ ಹೋದದ್ದೇ ಚಾಕು ಹಿಡಿದುಕೊಂಡು, ಎದುರಿನಿಂದ. ನಾನಲ್ಲ ಕಣೋ ಎನ್ನುವ ಬದಲು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ಇದಾಗಿ ವರ್ಷಗಳೇ ಕಳೆದವು. ಮೊನ್ನೆ ಗಿರೀಶ ಫೋನ್ ಮಾಡಿದ್ದ. "ಬುಕ್ ಮಾಡ್ಬಿಟ್ಟೆ ಭಾವ, ಈ ಸಲ ಇನ್ನೂ ಆಳಕ್ಕೆ ಇಳಿಯಾಣ. ನೀವಿದ್ದೀರಲ್ಲ, ನಂಗೇನ್ ಭಯ?" ನೋಡೋಣ ಎಂದು ಫೋನಿಟ್ಟೆ. ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅವನು ನಂಬಿಕೊಂಡಿರುವುದು ನನ್ನ ಕೈಯನ್ನಲ್ಲ. ಅದು ಯಾರದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಮತ್ತೆ ಬರುತ್ತದೆಯೇ ಎಂದು ಯಾರನ್ನು ಕೇಳಲಿ?