ಐದನೆಯ ಹಾಡಿನ ದೋಣಿ

ಬೈತಖೋಲದ ಬೇಬಿ ಹಿಡಿದ ಪಟ್ಟು ಬಿಡುವವಳಲ್ಲ. ಕಾರವಾರದ ಮೀನುಪೇಟೆಯಲ್ಲಿ ಅವಳೊಡನೆ ವಾದಕ್ಕಿಳಿದು ಗೆದ್ದವರನ್ನು ನಾನಂತೂ ಕಂಡಿಲ್ಲ. ಮಗಳು ಚಂದನಾಳ ಮದುವೆಗೆ ‘ಬೆಳ್ಳಿಅಲೆ ಆರ್ಕೆಸ್ಟ್ರಾ’ದವರೇ ಹಾಡಬೇಕು ಎಂದು ಅವಳು ಹೊರಟಾಗ ಕೇರಿಯೆಲ್ಲ ನಕ್ಕಿತು. ಅಂಕೋಲೆಯ ಆ ತಂಡ ಮೂವತ್ತು ವರ್ಷದ ಹಿಂದೆ ಎಂಟು ಹಾಡುಗಳ ಒಂದೇ ಒಂದು ಕ್ಯಾಸೆಟ್ ಹೊರತಂದು ಮಾಯವಾಗಿತ್ತು. ಬೇಬಿಯ ಮನೆಯಲ್ಲಿ ಮಾತ್ರ ಅದು ಇಂದಿಗೂ ಹಾಡುತ್ತದೆ. ಮೀನು ಕೊಯ್ಯುವಾಗಲೂ ಅದೇ, ಬಲೆ ಸರಿಮಾಡುವಾಗಲೂ ಅದೇ.

ತಂಡದ ಗಾಯಕ ಪುಂಡಲೀಕ ಈಗ ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುತ್ತಾನೆ. ಬೇಬಿ ಬಂದ ಕಾರಣ ಕೇಳಿ ಅವನು ತಲೆಯನ್ನೇ ಎತ್ತಲಿಲ್ಲ.

“ಹಾಡೂದ ಬಿಟ್ಟೇ ಬಿಟ್ಟೆ, ಬಾಯೀ. ಆ ಕ್ಯಾಸೆಟ್ ಯಾರೂ ಕೇಳ್ಲಿಲ್ಲ. ನಂಗೂ ಮರ್ತೋಗದೆ.”

“ಮರ್ತ್ರೆ ನಾ ಹೇಳ್ಕೊಡ್ತೆ, ಅಣ್ಣಾ.”

ಬೇಬಿ ಬೆಂಚಿನ ಮೇಲೆ ಕೂತು ಮೊದಲ ಹಾಡಿನಿಂದಲೇ ಶುರುಮಾಡಿದಳು. ಮೀನು ಕೂಗಿ ಮಾರಿದ ಕಂಠ ಅದು. ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತರು. ಐದನೆಯ ಹಾಡಿನಲ್ಲಿ ದೋಣಿ ಕಡಲಿಗಿಳಿಯಿತು, ಗಾಳಿ ಎದ್ದಿತು, ಅವಳು ಸೀದಾ ಪಲ್ಲವಿಗೆ ಹಾರಿದಳು.

ಹೊಲಿಗೆ ಮಷಿನ್ ನಿಂತಿತು. “ನಡುವೆ ಎರಡ ಸಾಲ ಅದೆ.”

“ಇಲ್ಲ.”

“ಬರ್ದವ ನಾನು.”

“ದಿನಾ ಕೇಳ್ದವ್ಳು ನಾನು.”

ಪುಂಡಲೀಕನಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಹಾಡಿಬಿಟ್ಟ:

ಬಂತು ದೋಣಿ ಬೆಳಗಿನಲ್ಲಿ, ಮೂತಿ ಮರಳ ತಾಗಿತು
ಬಂದ ನಲ್ಲನ ನೋಡಿ ನೋಡಿ ಬಡಿಸಿದ ಗಂಜಿ ಆರಿತು

ಬೇಬಿಗೆ ಆಗ ನೆನಪಾಯಿತು. ಕ್ಯಾಸೆಟ್ ಕೊಂಡ ವರ್ಷವೇ ಟೇಪು ಸಿಕ್ಕಿಕೊಂಡಾಗ ಗಂಡ ತುಳಸಿದಾಸ ಸುಕ್ಕಾದ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಅವಳ ಉಗುರುಬಣ್ಣದಿಂದ ಅಂಟಿಸಿದ್ದ. ಅಂದಿನಿಂದ ಹಾಡಿನ ದೋಣಿ ದಡ ಸೇರದೆ ಗಾಳಿಯಲ್ಲೇ ಇತ್ತು. ಗಂಡ ಕಡಲಿಗೆ ಹೋದ ದಿನಗಳಲ್ಲಿ ಅವಳು ಐದನೆಯ ಹಾಡು ಹಾಕುತ್ತಲೇ ಇರಲಿಲ್ಲ. ಈಗ ಖುಷಿಗೆ ಅವಳ ಕಣ್ಣು ತುಂಬಿ ಬಂತು. ಕೂಡಲೇ ಗಂಡನಿಗೆ ಫೋನ್ ಹಚ್ಚಿದಳು.

“ಹೋಯ್, ನಮ್ಮ ಹಾಡಿನ ದೋಣಿ ತಿರ್ಗಿ ಬಂದದೆ. ನೀವೇ ಕತ್ರಿಸಿ ಒಗ್ದದ್ದು. ಕೇಳಿ.”

ಅವಳು ಫೋನನ್ನು ಮುಂದೆ ಹಿಡಿದಳು. ಪುಂಡಲೀಕ ಮತ್ತೆ ಹಾಡಿದ, ಈ ಸಲ ಸಿಟ್ಟಿಲ್ಲದೆ, ಮೊದಲಿನಿಂದ ಕೊನೆಯವರೆಗೆ. ಆ ಕಡೆಯಿಂದ ತುಳಸಿದಾಸನ ದನಿ ಬಂತು: “ಇನ್ನೊಂದ ಸಲ ಹಾಡೂಕೆ ಹೇಳು.”

ಬೇಬಿ ಬಾಯಿ ತೆರೆಯುವ ಮೊದಲೇ ಪುಂಡಲೀಕ ಫೋನಿನತ್ತ ಬಾಗಿ ಹೇಳಿದ: “ಮದ್ವೆ ದಿನ ಹಾಡ್ತೆ, ಮಾರಾಯ್ರೆ. ಎಂಟೂ ಹಾಡ್ತೆ.”