ದೋಣಿಯ ಹೆಸರು ಉಳಿದುಹೋದ ಕಂತು

ಲೆನ್ ಟ್ರೆವೆನಾ ಮೀನುಗಾರ ಆರ್ಚಿ ಮೆಕ್ಲೀಶನನ್ನು ಮೊದಲು ಕಂಡದ್ದು ೧೯೭೪ರ ಮಾರ್ಚಿನಲ್ಲಿ, ಮೆಲ್ಬರ್ನಿನಿಂದ ನಾಲ್ಕು ಗಂಟೆಯ ದಾರಿಯ ಒಂದು ಪುಟ್ಟ ಬಂದರಿನಲ್ಲಿ. ಲೆನ್ ಆಗ ಟೀವಿಗೆ ಪೊಲೀಸರ ಸಾಹಸದ ಧಾರಾವಾಹಿ ಬರೆಯುತ್ತಿದ್ದ. ವಾರಕ್ಕೊಂದು ಕಂತು, ಕಂತಿಗೊಬ್ಬ ಅಪರಾಧಿ. ಕತೆ ಬರಿದಾದಾಗಲೆಲ್ಲ ಕಾರು ಹತ್ತಿ ಕಡಲಿನ ಕಡೆಗೆ ಬರುವುದು ಅವನ ರೂಢಿ.

ಕಟ್ಟೆಯ ಮೇಲೆ ಸಿಗಡಿ ಹಿಡಿಯುವ ಬುಟ್ಟಿ ಹೆಣೆಯುತ್ತಿದ್ದ ಆರ್ಚಿ ತಲೆಯೆತ್ತಿ, "ಆ ಬೂಟ್ಸ್ ಹಾಕ್ಕೊಂಡು ಮೀನು ಹಿಡೀಲಿಕ್ಕೆ ಬಂದ್ಯಾ ಮಾರಾಯ, ಮದುವೆಗೆ ಬಂದ್ಯಾ?" ಎಂದ.

ಅಂದಿನಿಂದ ಮೂರು ವರ್ಷದ ಸ್ನೇಹ. ಆರ್ಚಿ ಮಾತಿಗೆ ಕುಳಿತರೆ ಲೋಟದಲ್ಲಿದ್ದ ಚಹ ಆರಿ ತಣ್ಣಗಾಗುತ್ತಿತ್ತು. ಒಮ್ಮೆ ತನ್ನ ಜೊತೆಗಾರ ಕಾಲಿನ್ ಬಂಡೆಸಾಲಿನ ಬಳಿ ಅಲೆಗೆ ಸಿಕ್ಕಿ ಸತ್ತದ್ದನ್ನು ಹೇಳಿದ.

"ಡೀಸೆಲ್ ಮುಗೀತಾ ಬಂದಿತ್ತು, ಅದಕ್ಕೇ ಅವನನ್ನ ಹುಡುಕೋದು ಬಿಟ್ಟು ತಿರುಗಿ ಬಂದೆ ಅಂತ ಅವನ ತಾಯಿಗೆ ಹೇಳಿದೀನಿ. ಸುಳ್ಳು, ಬೇಕಾದಷ್ಟಿತ್ತು. ಹೆದರಿದೆ ಕಣೋ. ನಿನಗೊಬ್ಬನಿಗೇ ಹೇಳ್ತಿರೋದು."

ಲೆನ್ ಮೊದಲ ಪ್ರತಿಯನ್ನು ಯಾವಾಗಲೂ ನಿಜವಾದ ಹೆಸರುಗಳಿಂದಲೇ ಬರೆಯುತ್ತಿದ್ದ. ಹಾಗಿದ್ದರೆ ಅವರವರ ದನಿ ಕಿವಿಯಲ್ಲಿರುತ್ತದೆ ಎಂಬುದು ಅವನ ನಂಬಿಕೆ. ಎರಡನೆಯ ಪ್ರತಿಯಲ್ಲಿ ಎಲ್ಲವನ್ನೂ ಬದಲಿಸುವನು. ಆರ್ಚಿ ಹೇಳಿದ ಆ ಗುಟ್ಟನ್ನಿಟ್ಟು ಬರೆದ ಕಂತಿನಲ್ಲೂ ಆರ್ಚಿ ಜ್ಯಾಕ್ ಆದ, ಊರು ಬೇರೆಯಾಯಿತು. ದೋಣಿಯ ಹೆಸರೊಂದು ಉಳಿದುಹೋಯಿತು. ಅದು ಆರ್ಚಿಯ ಹೆಂಡತಿಯ ಹೆಸರು, 'ಡಲ್ಸಿ ಮೇ'. ಟೈಪು ಮಾಡುವ ಬೆರಿಲ್ ಅದನ್ನು ತೋರಿಸಿದಾಗ, ಶೂಟಿಂಗಿನ ದೋಣಿಗೆ ಹೆಸರು ಬರೆದಿದ್ದ ಬಣ್ಣದವನು, "ಬಳಿದಾಯ್ತು ಲೆನ್. ಈಗ ಅಳಿಸಿದ್ರೆ ನಾಳೆ ಶೂಟಿಂಗ್ ಇಲ್ಲ" ಎಂದ.

"ಇರ್ಲಿ ಬಿಡು. ಇಡೀ ಕಡಲಲ್ಲಿ ಡಲ್ಸಿ ಮೇ ಒಂದೇನಾ ಇರೋದು?" ಎಂದುಬಿಟ್ಟ ಲೆನ್.

ಧಾರಾವಾಹಿಯ ಹತ್ತು ವರ್ಷಗಳಲ್ಲಿ ಅತಿ ಹೆಚ್ಚು ಜನ ನೋಡಿದ ಕಂತು ಅದೇ. ಸೋಮವಾರ ಅಂಕಿಗಳ ಹಾಳೆ ಗೋಡೆಗೇರಿತು, ಎಲ್ಲರೂ ಅವನ ಬೆನ್ನು ತಟ್ಟಿದರು. ಆ ಶನಿವಾರ ಅವನು ಬಂದರಿಗೆ ಹೋದಾಗ ಆರ್ಚಿ ದೋಣಿಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದ.

"ಟೀವಿಲಿ ದೋಣಿ ಹೆಸರು ನೋಡಿ ಕಾಲಿನ್ ತಾಯಿ ಬಂದಿದ್ರು. 'ಡೀಸೆಲ್ ಇತ್ತಾ ಆರ್ಚಿ?' ಅಂತ ಅಷ್ಟೇ ಕೇಳಿದ್ರು."

"ನೀನೇನಂದೆ?"

"ಇತ್ತು ಅಂದೆ." ಆರ್ಚಿ ಕುಂಚವನ್ನು ಡಬ್ಬಿಯಲ್ಲಿ ಅದ್ದಿದ. "ನೀನಿನ್ನು ಹೊರಡು."

ಆ ತಾಯಿ ಸಾಯುವವರೆಗೂ ಆರ್ಚಿಯ ಎದುರು ಮನೆಯಲ್ಲೇ ಇದ್ದರು. ಅವನೊಡನೆ ಮತ್ತೆ ಮಾತನಾಡಲಿಲ್ಲ. ಲೆನ್ ಇನ್ನೂ ಅರುವತ್ತು ಕಂತು ಬರೆದ, ಎರಡು ಬಹುಮಾನ ಪಡೆದ. ಅವನ ಅತ್ಯುತ್ತಮ ಕಂತುಗಳನ್ನು ಪುಸ್ತಕವಾಗಿ ಒಟ್ಟಿಗೆ ಹೊರತಂದವರು ಡಲ್ಸಿ ಮೇ ಕಂತನ್ನೇ ಮೊದಲನೆಯದಾಗಿ ಇಟ್ಟರು. ಮುನ್ನುಡಿ ಕೇಳಿದರು. ಅವನು ಬರೆದುಕೊಡಲಿಲ್ಲ.

ನಿವೃತ್ತನಾದ ಮೇಲೆ ಲೆನ್ ಅದೇ ಬಂದರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ. ಮೊದಲ ವರ್ಷವೆಲ್ಲ ಆರ್ಚಿ ಅವನನ್ನು ಕಂಡರೆ ಎದ್ದುಹೋಗುತ್ತಿದ್ದ. ಈಗ ಹೋಗುವುದಿಲ್ಲ, ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಡುತ್ತಾನೆ. ಲೆನ್ ದಿನವೂ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹ ಒಯ್ಯುತ್ತಾನೆ, ಎರಡು ಲೋಟಕ್ಕೆ ಸುರಿಯುತ್ತಾನೆ.

"ಇವತ್ತು ಗಾಳಿ ತೆಂಕಣದಿಂದ" ಎನ್ನುತ್ತಾನೆ ಆರ್ಚಿ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳುವುದಿಲ್ಲ. ಈಗ ಇಬ್ಬರೂ ಚಹವನ್ನು ಬಿಸಿಯಿರುವಾಗಲೇ ಕುಡಿದು ಮುಗಿಸುತ್ತಾರೆ.