ಅಪ್ಪನ ಮಗ್ಗಲ ಜಾಗ

ಇವತ್ತು ನಸುಕಿನಾಗ ಕರೆಂಟ್ ಹೋಯ್ತು. ಸೊಸಿ ಹಳೇ ಚಿಮಣಿ ಹಚ್ಚಿದಳು. ಆ ಎಣ್ಣಿ ವಾಸನಿ ಮೂಗಿಗೆ ಬಡದದ್ದೇ ತಡ, ಶಹಾಬಾದಿನ ನಮ್ಮ ಹಳೇ ಮನಿಯೊಳಗ ಕುಂತಂಗಾಯ್ತು.

ಅಪ್ಪ ಫರಸಿ ಕಲ್ಲು ಕಡಿಯಾಂವ. ಗಣಿಗೆ ಹೋಗೂಕಿಂತ ಮೊದಲು ದಿನಾ ಬೈಬಲ್ ಕೇಳಬೇಕು ಅವನಿಗೆ, ಆದ್ರ ಓದಾಕ ಬರ್ತಿದ್ದಿಲ್ಲ. ನಾ ಸಾಲಿಗೆ ಹೋಗ್ತಿದ್ದೆ ಖರೆ, ನಿಜಾಮರ ಸಾಲ್ಯಾಗ ಕಲಿಸ್ತಿದ್ದದ್ದು ಉರ್ದು. ಸಾಲಿ ಮುಖಾನೇ ನೋಡದ ತಂಗಿ ಎಸ್ತರ್, ಪಾದ್ರಮ್ಮನ ಕಡಿಂದ ಕನ್ನಡ ಕಲ್ತು ಪಟಪಟ ಓದ್ತಿದ್ದಳು. "ಓದವ್ವ" ಅಂತ ಅಪ್ಪ ಆಕಿನ್ನ ಮಗ್ಗಲಾಗ ಕುಂದ್ರಿಸ್ಕೊಂಡ್ರ ನನ್ನ ಹೊಟ್ಟಿ ಭಗ್ಗಂತ ಉರೀತಿತ್ತು.

ಒಂದಿನ ಬೈಬಲ್ಲನ್ನ ಜ್ವಾಳದ ಚೀಲದಾಗ ಮುಚ್ಚಿಟ್ಟೆ. ಮರುದಿನ ನಸುಕಿನಾಗ ಎಲ್ಲಾರೂ ಹುಡುಕಿ ಸಾಕಾದ್ರು. ಎಸ್ತರ್ ಮಾತ್ರ ಕಣ್ಣು ಮುಚ್ಚಿ, ಹಿಂದಿನ ದಿನ ಓದಿದ್ದನ್ನೆಲ್ಲಾ ಬಾಯಿಪಾಠ ಹೇಳಿದಳು. ಅಪ್ಪ ಆಕಿ ತಲಿ ಸವರಿದ. ತಡಕೊಳ್ಳಾಕ ಆಗಲಾರ್ದ ನಾನೇ ಪುಸ್ತಕ ತಂದು ಆಕಿ ಮುಂದ ಇಟ್ಟೆ.

"ನನಗೂ ಓದಾಕ ಕಲಿಸು" ಅಂದೆ.

"ಮೊದಲು ಅದರಾಗಿನ ಜ್ವಾಳ ಝಾಡಿಸಣ್ಣ" ಅಂದಳು.

ದೇವರ ಮುಂದ ಸುಳ್ಳ್ಯಾಕ ಹೇಳ್ಲಿ? ನಾ ದಿನಾ ನಸುಕಿನಾಗ ಎದ್ದು ಬೈಬಲ್ ಓದೂದು ಕಲ್ತದ್ದು ಹೊಟ್ಟಿಕಿಚ್ಚಿನಿಂದ. ಆಕಿಗಿಂತ ಮೊದಲು ಎದ್ದು ಅಪ್ಪನ ಮಗ್ಗಲಾಗ ಕುಂದರಬೇಕು, ಅಷ್ಟೇ. ಆ ರೂಢಿ ಇವತ್ತಿಗೂ ಬಿಟ್ಟಿಲ್ಲ.

ಹೋದ ವರ್ಷ ಎಸ್ತರ್ ತೀರ್ಕೊಂಡಳು. ಈಗ ಪೈಪೋಟಿಗೆ ಯಾರೂ ಇಲ್ಲ, ದಿನಾ ನಾನೇ ಮೊದಲು ಅಂತ ತಿಳ್ಕೊಂಡಿದ್ದೆ. ಇವತ್ತು ಚಿಮಣಿ ಮುಂದ ಪುಸ್ತಕ ತೆಗೆದಾಗ ಹೊಳೀತು. ಈ ಸಲನೂ ಆಕೀನೇ ಮೊದಲು ಹೋಗಿ ಅಪ್ಪನ ಮಗ್ಗಲಾಗ ಕುಂತಾಳ.